ಕ್ಲೋಸ್‌ಪೇಟೆಯಿಂದ ಬೆಂಗಳೂರು ದಕ್ಷಿಣದವರೆಗೆ

ರಾಮನಗರದವರನ್ನೋ ಮಾಗಡಿಯವರನ್ನೋ ಹೊರ ರಾಜ್ಯದಲ್ಲಿ ಯಾರಾದರೂ ‘ನಿಮ್ಮೂರು ಯಾವುದು’ ಎಂದು ಕೇಳಿದರೆ ಬರುವ ಮೊದಲ ಉತ್ತರ ‘ಬೆಂಗಳೂರು ಹತ್ರ’. ಕೇಳಿದವರು ಇನ್ನೊಂದಿಷ್ಟು ಆಸಕ್ತಿ ತೋರಿಸಿದರೆ ಮಾತ್ರ ಊರಿನ ಹೆಸರು ಹೊರಬರುತ್ತದೆ. ಹೆಸರಿನ ಜೊತೆಗೊಂದು ಗುರುತಿನ ಚೀಟಿಯೂ ಬೇಕು: ರಾಮನಗರಕ್ಕೆ ‘ಶೋಲೆ’, ಚನ್ನಪಟ್ಟಣಕ್ಕೆ ಗೊಂಬೆ, ಮಾಗಡಿಗೆ ಕೆಂಪೇಗೌಡ, ಕನಕಪುರಕ್ಕೆ ರಾಜಕಾರಣ. ಬೆಂಗಳೂರಿನವರ ಬಾಯಲ್ಲಿ ಈ ಹೆಸರುಗಳು ದಿನವೂ ಓಡಾಡುತ್ತವೆ, ಆದರೆ ಊರುಗಳಾಗಿ ಅಲ್ಲ, ರಸ್ತೆಗಳಾಗಿ. ಕನಕಪುರ ರಸ್ತೆಯಲ್ಲಿ ಫ್ಲ್ಯಾಟ್ ಕೊಂಡವರು ಕನಕಪುರವನ್ನು ನೋಡಿರಬೇಕೆಂದೇನಿಲ್ಲ. ನಮ್ಮ ಮೆಟ್ರೋದಲ್ಲಿ ‘ಮಾಗಡಿ ರಸ್ತೆ’ ಎಂಬ ನಿಲ್ದಾಣವಿದೆ. ಅಲ್ಲಿ ಇಳಿದರೆ ಮಾಗಡಿ ಇನ್ನೂ ನಲವತ್ತು ಕಿಲೋಮೀಟರಿಗಿಂತ ಹೆಚ್ಚು ದೂರ.

ಇಂಥ ಊರುಗಳಲ್ಲಿ ಬದುಕುವುದು ಹೇಗಿರುತ್ತದೆ, ಹೇಗಿತ್ತು ಎಂದು ಹುಡುಕಹೊರಟರೆ ಸಿಗುವ ಬರಹಗಳಲ್ಲಿ ಹೆಚ್ಚಿನವು ಹಾದುಹೋದವರು ಬರೆದವು. ಸೇನಾಧಿಕಾರಿಗಳು, ಸರ್ವೆಗೆ ಬಂದ ವೈದ್ಯರು, ಗೆಜೆಟಿಯರ್ ಸಂಪಾದಕರು. ಊರಿನವರು ತಮ್ಮ ಬಗ್ಗೆ ಹೇಳಿಕೊಂಡದ್ದು ಕಸುಬಿನಲ್ಲಿದೆ, ಹರಕೆ ಜಾತ್ರೆಗಳಲ್ಲಿದೆ, ಊರಿಗೆ ಬಂದುಹೋದ ಹೆಸರುಗಳಲ್ಲಿದೆ. ಹೆಸರಿನಿಂದಲೇ ಶುರುಮಾಡೋಣ.

ಇಂದಿನ ರಾಮನಗರಕ್ಕೆ ಟಿಪ್ಪುವಿನ ಕಾಲದಲ್ಲಿ ಶಂಸೇರಾಬಾದ್ ಎಂಬ ಹೆಸರಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ದಿವಾನ್ ಪೂರ್ಣಯ್ಯನವರು 1800ರಲ್ಲಿ ಇಲ್ಲೊಂದು ಪೇಟೆ ಕಟ್ಟಿಸಿ, ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ಹೆಸರಿಟ್ಟರು. ಕ್ಲೋಸ್‌ಪೇಟೆ. ಉದ್ದೇಶ ಸರಳ: ಬೆಂಗಳೂರು ಮತ್ತು ಶ್ರೀರಂಗಪಟ್ಟಣದ ನಡುವಿನ ದಾರಿ ಇಲ್ಲಿ ಬಂಡೆ, ಕಾಡುಗಳ ನಡುವೆ ಹಾದುಹೋಗುತ್ತಿತ್ತು. ದಾರಿ ಕ್ಷೇಮವಾಗಿರಬೇಕಾದರೆ ದಾರಿಬದಿಯಲ್ಲಿ ಜನ ಇರಬೇಕು. ಊರೊಂದನ್ನು ಅಲ್ಲಿ ವಾಸಿಸುವವರಿಗಾಗಿ ಅಲ್ಲದೆ, ಹಾದುಹೋಗುವವರ ಭದ್ರತೆಗಾಗಿ ಕಟ್ಟಿದ್ದು ಇದು. ಸ್ವಾತಂತ್ರ್ಯಾನಂತರ ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಅದು ರಾಮನಗರವಾಯಿತು. ಹಳೆಯ ರಾಮಗಿರಿಯ ರಾಮನೇ ಮತ್ತೆ ಊರಿಗೆ ಇಳಿದು ಬಂದಂತೆ. ಹನುಮಂತಯ್ಯನವರು ಇದೇ ಸೀಮೆಯ ಲಕ್ಕಪ್ಪನಹಳ್ಳಿಯವರು. ರಾಮನಗರ, ಚನ್ನಪಟ್ಟಣದ ನಡುವೆ ಇರುವ ಕೆಂಗಲ್ ಆಂಜನೇಯನ ಹೆಸರನ್ನೇ ತಮ್ಮ ಹೆಸರಿನ ಮುಂದೆ ಹೊತ್ತವರು.

ಆದರೆ ಕ್ಲೋಸ್ ಸಾಹೇಬ ಪೂರ್ತಿ ಹೋಗಲಿಲ್ಲ. 20ನೇ ಶತಮಾನದ ಆರಂಭದಲ್ಲಿ ಮೈಸೂರು ಭೂವಿಜ್ಞಾನ ಇಲಾಖೆಯವರು ಈ ಬೆಟ್ಟಗಳ ಕಲ್ಲನ್ನು ಅಭ್ಯಾಸ ಮಾಡಿ ‘ಕ್ಲೋಸ್‌ಪೇಟ್ ಗ್ರಾನೈಟ್’ ಎಂದು ಕರೆದರು. ದಕ್ಷಿಣದಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ಉದ್ದ ಹಬ್ಬಿರುವ, ಸುಮಾರು 250 ಕೋಟಿ ವರ್ಷ ಹಳೆಯದಾದ ಶಿಲಾಪಟ್ಟಿ ಅದು. ಪೇಟೆಗೆ ಆ ಹೆಸರು ಅಳಿಸಿಹೋಗಿ ದಶಕಗಳೇ ಆದರೂ ಜಗತ್ತಿನ ಯಾವ ಮೂಲೆಯ ಭೂವಿಜ್ಞಾನ ವಿದ್ಯಾರ್ಥಿಯೂ ಇವತ್ತಿಗೂ ಅದನ್ನು ಹಾಗೆಯೇ ಓದುತ್ತಾನೆ. ಕೇವಲ ಕೆಲವೇ ವರ್ಷ ಮೈಸೂರಿನಲ್ಲಿದ್ದ ಅಧಿಕಾರಿಯ ಹೆಸರು 250 ಕೋಟಿ ವರ್ಷದ ಕಲ್ಲಿಗೆ ಅಂಟಿಕೊಂಡ ಪರಿ ಇದು.

ದಾರಿಯಲ್ಲಿರುವ ಊರಿನ ಕಷ್ಟ ಏನೆಂದು ಕೇಳಬೇಕಾದರೆ ಕನಕಪುರವನ್ನು ಕೇಳಬೇಕು. ಹಳೆಯ ದಾಖಲೆಗಳಲ್ಲಿ ಅದು ಕಾನಕಾನಹಳ್ಳಿ. ಬ್ರಿಟಿಷರ ಬರಹಗಳಲ್ಲಿ ಕಂಕನ್‌ಹಳ್ಳಿ. ಅರ್ಕಾವತಿ ದಂಡೆಯ ಈ ಊರಿನ ಕೋಟೆಯನ್ನು ಕಟ್ಟಿಸಿದ್ದು ಚನ್ನಪಟ್ಟಣದ ಪಾಳೇಗಾರ ಜಗದೇವರಾಯ ಎನ್ನುತ್ತಾರೆ. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ಇನ್ನೊಂದು ದಾರಿ ಇದರ ಮೇಲೆಯೇ ಹಾದಿತ್ತು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಬಂದದ್ದು ಈ ದಾರಿಯಲ್ಲಿ. 1799ರಲ್ಲಿ ಹ್ಯಾರಿಸ್‌ನ ಸೈನ್ಯ ಬಂದದ್ದೂ ಈ ದಾರಿಯಲ್ಲೇ. ಶತ್ರುಸೈನ್ಯಕ್ಕೆ ಕಾಳು, ಮೇವು, ಸೂರು ಏನೂ ಸಿಗಬಾರದೆಂದು ಟಿಪ್ಪುವಿನ ಕಡೆಯವರು ಎರಡು ಬಾರಿ ಊರನ್ನು ಹಾಳುಗೆಡವಿದರು. ಯುದ್ಧತಂತ್ರದ ದೃಷ್ಟಿಯಿಂದ ಅದು ಸರಿಯಾದ ನಿರ್ಧಾರವೇ ಇರಬಹುದು. 1791ರಲ್ಲಿ ಮೇವಿಲ್ಲದೆ ಎತ್ತುಗಳು ಸತ್ತು, ಕಾರ್ನ್‌ವಾಲಿಸ್ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದಿರುಗಬೇಕಾಯಿತು. ಇತಿಹಾಸದ ಪುಸ್ತಕಗಳಲ್ಲಿ ಆ ಫಿರಂಗಿಗಳ ಬಗ್ಗೆ ಪುಟಗಟ್ಟಲೆ ಇದೆ. ಸುಟ್ಟ ಊರಿನವರು ಆ ಮಳೆಗಾಲ ಎಲ್ಲಿ ಕಳೆದರು, ಬಿತ್ತನೆಯ ರಾಗಿಯನ್ನು ಯಾರಿಂದ ಕಡ ತಂದರು ಎಂಬುದರ ಬಗ್ಗೆ ಒಂದು ಸಾಲು. ಹಾಳಾಯಿತು, ಎಂದಷ್ಟೇ.

ಅದೇ ವರ್ಷದ ಡಿಸೆಂಬರಿನಲ್ಲಿ ಬ್ರಿಟಿಷರು ದಾರಿಯ ಮೇಲಿನ ಬೆಟ್ಟದ ಕೋಟೆಗಳನ್ನೆಲ್ಲ ಒಂದೊಂದಾಗಿ ಹಿಡಿಯತೊಡಗಿದರು. ಮಾಗಡಿ ಪಕ್ಕದ ಸಾವನದುರ್ಗ 1791ರ ಡಿಸೆಂಬರ್ 21ರಂದು ಬಿತ್ತು. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ ಒಂದೇ ಬಂಡೆಯಂತೆ ಕಾಣುವ ಬೆಟ್ಟ. ಹತ್ತಿದವನನ್ನು ಸಾವೇ ಎದುರುಗೊಳ್ಳುತ್ತದೆ ಎಂಬ ಖ್ಯಾತಿಗೆ ಅದರ ಹೆಸರೂ ನೆರವಾಗಿತ್ತು. ಆಮೇಲೆ ರಾಮಗಿರಿ, ಶಿವನಗಿರಿ ಹೆಚ್ಚು ಹೋರಾಟವಿಲ್ಲದೆ ಶರಣಾದವು. ಇವತ್ತು ಭಾನುವಾರ ಬೆಂಗಳೂರಿನ ಹುಡುಗರು ಬೈಕಿನಲ್ಲಿ ಬಂದು ಹತ್ತಿಳಿಯುವ ಬೆಟ್ಟಗಳಿವು.

ಮಾಗಡಿಯ ಕಥೆಯಲ್ಲಿ ದಾರಿ ಉಲ್ಟಾ. ಉಳಿದ ಮೂರು ಊರುಗಳು ಬೆಂಗಳೂರಿನ ನೆರಳಿನಲ್ಲಿ ಬೆಳೆದವಾದರೆ, ಮಾಗಡಿ ಬೆಂಗಳೂರು ಕಟ್ಟಿದವರ ವಂಶ ಬಂದು ನೆಲೆನಿಂತ ಊರು. 1537ರಲ್ಲಿ ಬೆಂಗಳೂರು ಕಟ್ಟಿದವನು ಯಲಹಂಕ ನಾಡಪ್ರಭು ಮೊದಲನೆಯ ಕೆಂಪೇಗೌಡ. ನೂರು ವರ್ಷದ ಬಳಿಕ, 1638ರಲ್ಲಿ, ಬಿಜಾಪುರದ ರಣದುಲ್ಲಾ ಖಾನ್ ಮತ್ತು ಶಹಾಜಿಯ ಸೈನ್ಯ ಬೆಂಗಳೂರನ್ನು ಕಿತ್ತುಕೊಂಡಿತು. ಗೌಡರ ಮನೆತನ ಮಾಗಡಿಗೆ ಬಂತು. ಅಲ್ಲಿ ಕೋಟೆ ಕಟ್ಟಿತು, ಸೋಮೇಶ್ವರನ ಗುಡಿ ಕಟ್ಟಿತು, ಸಾವನದುರ್ಗವನ್ನು ಬೆನ್ನಿಗಿಟ್ಟುಕೊಂಡು ಇನ್ನೂ 90 ವರ್ಷ ಆಳಿತು. 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯ ಮಾಗಡಿಯನ್ನು ಗೆದ್ದು ಕೊನೆಯ ಕೆಂಪೇಗೌಡನನ್ನು ಶ್ರೀರಂಗಪಟ್ಟಣದ ಸೆರೆಗೆ ಒಯ್ದ. ಸೆರೆಯಲ್ಲಿಯೇ ಅವನ ಕಥೆ ಮುಗಿಯಿತು. ಬೆಂಗಳೂರಿನಲ್ಲಿ ಕೆಂಪೇಗೌಡನ ಹೆಸರಿನ ಬಸ್ ನಿಲ್ದಾಣ, ವಿಮಾನ ನಿಲ್ದಾಣ, ಬೃಹತ್ ಪ್ರತಿಮೆ ಎಲ್ಲ ಬಂದವು. ಮಾಗಡಿ ತಾಲ್ಲೂಕಿನ ಕೆಂಪಾಪುರದ ಗೋಪುರವೊಂದು ಕೆಂಪೇಗೌಡನ ಸಮಾಧಿ ಎಂಬ ವಿಷಯ, ಅಲ್ಲಿಯ ಶಾಸನವನ್ನು ಓದಿದ ಮೇಲೆ, ನಾಡಿಗೆಲ್ಲ ಗೊತ್ತಾಗಿದ್ದು 2015ರಲ್ಲಿ. ಊರಿನವರು ಅಲ್ಲಿಯವರೆಗೆ ಅದರ ಪಕ್ಕದಲ್ಲೇ ಹೊಲ ಉಳುತ್ತ, ದನ ಹೊಡೆದುಕೊಂಡು ಓಡಾಡಿದ್ದರು.

ಇನ್ನು ಚನ್ನಪಟ್ಟಣ. ನಾಲ್ಕರಲ್ಲಿ ನನಗೆ ಅತ್ಯಂತ ಕುತೂಹಲದ ಊರು ಇದೇ. 1580ರ ಸುಮಾರಿಗೆ, ವಿಜಯನಗರದ ಅರಸರಿಗೆ ಪೆನುಕೊಂಡೆಯಲ್ಲಿ ನೆರವಾದದ್ದಕ್ಕೆ ಜಗದೇವರಾಯನಿಗೆ ಈ ಸೀಮೆ ಉಂಬಳಿಯಾಗಿ ಬಂತು. ಅವನ ವಂಶ 1630ರವರೆಗೆ ಆಳಿತು. ಆಮೇಲೆ ಮೈಸೂರು. ಕೋಟೆಯ ಪಕ್ಕಕ್ಕೆ ಪೇಟೆ ಬೆಳೆಯಿತು. ಪೇಟೆಯಲ್ಲಿ ಮೊದಲಿನಿಂದಲೂ ಮುಸ್ಲಿಂ ಕುಶಲಕರ್ಮಿಗಳೂ ವ್ಯಾಪಾರಿಗಳೂ ದೊಡ್ಡ ಸಂಖ್ಯೆಯಲ್ಲಿದ್ದರು. ಊರಿನ ಹಳೆಯ ಗೋರಿಗಳಲ್ಲೊಂದು ಅಖಿಲ್ ಷಾ ಖಾದ್ರಿಯವರದು. ಇನ್ನೊಂದು ಸೈಯದ್ ಇಬ್ರಾಹಿಂನದು. ಟಿಪ್ಪುವಿನ ಕಾಲದಲ್ಲಿ ಬೆಂಗಳೂರು ಕೋಟೆಯ ಅಧಿಕಾರಿಯಾಗಿದ್ದ ಈತ ಸೆರೆಯಲ್ಲಿದ್ದ ಇಂಗ್ಲಿಷರನ್ನು ಮನುಷ್ಯರಂತೆ ನೋಡಿಕೊಂಡ ಎಂದು ಇಂಗ್ಲಿಷರೇ ನೆನೆದಿದ್ದಾರೆ.

1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿ ಸರ್ಕಾರದ ಪರವಾಗಿ ಮೈಸೂರು ಸೀಮೆಯನ್ನೆಲ್ಲ ಸುತ್ತಿ, ಯಾವ ಊರಲ್ಲಿ ಏನು ಬೆಳೆಯುತ್ತಾರೆ, ಏನು ಮಾಡುತ್ತಾರೆ, ಎಷ್ಟಕ್ಕೆ ಮಾರುತ್ತಾರೆ ಎಂದು ಬರೆದುಕೊಂಡ. ಅವನ ಕಣ್ಣು ವ್ಯಾಪಾರಿಯ ಕಣ್ಣು; ಆದ್ದರಿಂದಲೇ ನಮಗೆ ಉಪಯೋಗ. ಚನ್ನಪಟ್ಟಣದಲ್ಲಿ ಅವನಿಗೆ ಗಾಜಿನ ಬಳೆ ಮಾಡುವವರು ಕಂಡರು. ಒಳ್ಳೆಯ ಬಿಳಿ ಸಕ್ಕರೆ ತಯಾರಿಸುವ ವಿದ್ಯೆ ಕಂಡಿತು. ವಾದ್ಯಗಳಿಗೆ ಕಟ್ಟುವ ಉಕ್ಕಿನ ತಂತಿ ಎಳೆಯುವವರು ಕಂಡರು. ಈ ತಂತಿಗೆ ಇಂಡಿಯಾದ ದೂರದೂರದ ಭಾಗಗಳಲ್ಲಿ ಬೇಡಿಕೆಯಿತ್ತು. ನಾಡಿನ ಎಷ್ಟು ವೀಣೆಗಳು ಚನ್ನಪಟ್ಟಣದ ಉಕ್ಕಿನಿಂದ ನುಡಿದವೋ! ಈ ಕಸುಬು ಸದ್ದಿಲ್ಲದೆ ಹೋಯಿತು. ಕಾರ್ಖಾನೆಯ ತಂತಿ ಬಂದ ಮೇಲೆ ಕೈಯಲ್ಲಿ ತಂತಿ ಎಳೆಯುವವನ ಹತ್ತಿರ ಹೋಗುವವರು ಯಾರು? ಗೊಂಬೆಯ ಊರು ಎಂದು ನಾವು ಹಾಡಿ ಹೊಗಳುವಾಗ ಈ ಹೋದ ಕಸುಬುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಗೊಂಬೆ ಉಳಿದದ್ದು ಸಹಜವಾಗಿ ಅಲ್ಲ. ಹಲವರು ಹಲವು ಬಾರಿ ಎತ್ತಿ ನಿಲ್ಲಿಸಿದ್ದರಿಂದ.

ಟಿಪ್ಪು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಈ ಕಲೆ ಕಲಿಸಿದ ಎಂಬುದು ಊರಿನ ನಂಬಿಕೆ. 20ನೇ ಶತಮಾನದಲ್ಲಿ ಬಾವಾಸ್ ಮಿಯಾನ್ ಜಪಾನಿನ ಅರಗಿನ ಕೆಲಸದ ರೀತಿಗಳನ್ನು ಇಲ್ಲಿಗೆ ತಂದರು ಎಂದು ಕಸುಬಿನವರು ಅವರನ್ನು ಗುರುವಿನಂತೆ ನೆನೆಯುತ್ತಾರೆ. ಕೆಲಸ ನೋಡಲು ಸರಳ. ಆಲೆ ಮರದ ಬಿಳಿಯ ಮೆದು ಕಟ್ಟಿಗೆಯನ್ನು ತಿಂಗಳುಗಟ್ಟಲೆ ಒಣಗಿಸಿ, ತುಂಡು ಮಾಡಿ, ಲೇತಿಗೆ ಸಿಕ್ಕಿಸಿ ಉಳಿಯಿಂದ ಕಡೆಯುತ್ತಾರೆ. ರೂಪ ಬಂದ ಮೇಲೆ ತಿರುಗುತ್ತಿರುವ ಕಟ್ಟಿಗೆಗೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜುವ ಬಿಸಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ತಾಳೆಗರಿಯಿಂದ ಒತ್ತಿ ಉಜ್ಜಿದರೆ ಹೊಳಪು. ಕುಂಚವಿಲ್ಲ, ಒಣಗಲು ಕಾಯುವುದಿಲ್ಲ. ಮಗು ಬಾಯಿಗೆ ಹಾಕಿಕೊಂಡರೂ ಅಪಾಯವಿಲ್ಲದ ಬಣ್ಣ ಎಂಬುದೇ ಇವತ್ತು ಇದರ ಮಾರುಕಟ್ಟೆಯ ದೊಡ್ಡ ಮಾತು. ಮಾಡುವವರಿಗೆ ಮಾತ್ರ ದಿನವಿಡೀ ಬಗ್ಗಿ ಕೂತ ಬೆನ್ನು, ಮೂಗಿಗೆ ಮರದ ಹುಡಿ, ತುಂಡಿನ ಲೆಕ್ಕದ ಕೂಲಿ. ಪೇಟೆಯ ಮನೆಗಳು, ಕಲಾನಗರ, ನೀಲಸಂದ್ರ, ಎಲ್ಲ ಕಡೆಯೂ ಹೆಂಗಸರ ಕೈ ದೊಡ್ಡದು. ಅಂಗಡಿಯಲ್ಲಿ ಕೂತು ಮಾರುವವರು ಹೆಚ್ಚಾಗಿ ಗಂಡಸರು.

2005-06ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ಅಷ್ಟರಲ್ಲಿ ಚೀನಾದ ಪ್ಲಾಸ್ಟಿಕ್ ಗೊಂಬೆ ಹೆದ್ದಾರಿ ಬದಿಯ ಅದೇ ಅಂಗಡಿಗಳಿಗೆ ಬಂದಾಗಿತ್ತು. ಚನ್ನಪಟ್ಟಣದ ಅಂಗಡಿಯಲ್ಲಿ ಕೊಂಡ ಗೊಂಬೆಯೆಲ್ಲ ಚನ್ನಪಟ್ಟಣದ್ದಲ್ಲ ಎಂಬುದು ಊರಿನ ಮಕ್ಕಳಿಗೂ ಗೊತ್ತಿದ್ದ ಗುಟ್ಟು. ಆಮೇಲೆ ಬಂದ ಏಟು ಬೇರೆ ಬಗೆಯದು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ರಸ್ತೆ ಉದ್ಘಾಟನೆಯಾಯಿತು. ಹೊಸ ರಸ್ತೆ ರಾಮನಗರ, ಚನ್ನಪಟ್ಟಣಗಳನ್ನು ಬಳಸಿಕೊಂಡು ಹೋಗುತ್ತದೆ. ಮೈಸೂರಿಗೆ ಹೋಗುವವರು ಕಾರು ನಿಲ್ಲಿಸಿ ಮಗುವಿಗೊಂದು ಆಟಿಕೆ ಕುದುರೆ ಕೊಳ್ಳುತ್ತಿದ್ದ ವ್ಯಾಪಾರ ಬಹುಪಾಲು ನಿಂತಿತು. ಇನ್ನೂರು ವರ್ಷದ ಹಿಂದೆ ದಾರಿ ಕಾಯಲೆಂದು ಕಟ್ಟಿದ ಪೇಟೆಯನ್ನು ದಾರಿಯೇ ಬಿಟ್ಟು ಹೋಯಿತು. ಊರೊಳಗೆ ಲಾರಿಗಳ ಕಾಟ ತಪ್ಪಿತು, ರಸ್ತೆ ದಾಟಲು ಮುದುಕರು ಹೆದರಬೇಕಾಗಿಲ್ಲ ಎಂಬುದೂ ನಿಜ. ಲಾಭ ನಷ್ಟ ಒಂದೇ ಮನೆಯಲ್ಲಿ ಇರುವುದಿಲ್ಲ, ಅಷ್ಟೇ.

ಈ ನಾಲ್ಕು ತಾಲ್ಲೂಕುಗಳ ಬದುಕನ್ನು ನಿಜವಾಗಿ ಕಟ್ಟಿಕೊಟ್ಟದ್ದು, ನನ್ನ ಎಣಿಕೆಯಲ್ಲಿ, ಗೊಂಬೆಯೂ ಅಲ್ಲ ಕಲ್ಲೂ ಅಲ್ಲ, ಒಂದು ಹುಳು. ಮೈಸೂರು ಸೀಮೆಗೆ ರೇಷ್ಮೆ ತರಿಸಿದವನು ಟಿಪ್ಪು. ಬಂಗಾಳದಿಂದ ಹುಳು ತರಿಸುವ, ಸಾಕುವ ಬಗ್ಗೆ ಅವನು ಬರೆಸಿದ ಪತ್ರಗಳಿವೆ. 19ನೇ ಶತಮಾನದಲ್ಲಿ ರೋಗ ಬಂದು ಕಸುಬು ನೆಲಕಚ್ಚಿತ್ತು. 20ನೇ ಶತಮಾನದ ಆರಂಭದಲ್ಲಿ ಮೈಸೂರು ಸರ್ಕಾರ ಇಟಲಿಯ ತಜ್ಞ ವಾಷಿಂಗ್ಟನ್ ಮರಿಯನ್ನು ಕರೆಸಿ, 1914ರ ಸುಮಾರಿಗೆ ಚನ್ನಪಟ್ಟಣದಲ್ಲಿ ರೇಷ್ಮೆ ಫಾರಂ ತೆರೆಯಿತು. ರೋಗವಿಲ್ಲದ ಮೊಟ್ಟೆ, ಮಿಶ್ರತಳಿ ಹುಳು, ತರಬೇತಿ ಎಲ್ಲ ಅಲ್ಲಿಂದ ಹಳ್ಳಿಗಳಿಗೆ ಹಬ್ಬಿತು.

ಹುಳು ಸಾಕುವ ಮನೆಯಲ್ಲಿ ಬೆಳೆದವರಿಗೆ ವರ್ಷ ಎಂದರೆ ಹನ್ನೆರಡು ತಿಂಗಳಲ್ಲ, ಇಷ್ಟು ಬೆಳೆ ಎಂದು. ಮೊಟ್ಟೆ ಒಡೆದಂದಿನಿಂದ ಗೂಡು ಕಟ್ಟುವವರೆಗೆ ಸುಮಾರು 25ರಿಂದ 28 ದಿನ. ನಡುವೆ ನಾಲ್ಕು ಸಲ ಹುಳು ತಿನ್ನುವುದು ಬಿಟ್ಟು ಪೊರೆ ಕಳಚುತ್ತದೆ. ಅದಕ್ಕೆ ರೈತರು ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳುವಿನ ಹಸಿವು ನೋಡಬೇಕು. ಸೊಪ್ಪು ಹಾಕಿದ ಮನೆಯಲ್ಲಿ ಮಳೆ ಹನಿದಂತೆ ಸದ್ದು. ಆ ವಾರ ಮನೆಯವರಿಗೆ ನಿದ್ದೆಯಿಲ್ಲ, ನೆಂಟರ ಮದುವೆಯಿಲ್ಲ. ಹುಳು ಹಣ್ಣಾದಾಗ ಆರಿಸಿ ಚಂದ್ರಿಕೆಗೆ ಬಿಡಬೇಕು. ಗೂಡು ಬಿಡಿಸಿದ ಮೇಲೆ ಮತ್ತೆ ತಡಮಾಡುವಂತಿಲ್ಲ. ಕೆಲವೇ ದಿನಗಳಲ್ಲಿ ಒಳಗಿನ ಚಿಟ್ಟೆ ಗೂಡು ತೂತು ಮಾಡಿಕೊಂಡು ಬಂದುಬಿಟ್ಟರೆ ನೂಲು ಹೋಯಿತು. ರಾಗಿಯನ್ನು ವಾಡೆಯಲ್ಲಿಟ್ಟು ಬೆಲೆ ಬರಲಿ ಎಂದು ಕಾಯಬಹುದು, ಗೂಡನ್ನು ಕಾಯಿಸುವಂತಿಲ್ಲ. ಚೀಲ ಹೊತ್ತು ರಾಮನಗರದ ಮಾರುಕಟ್ಟೆಗೆ ಬಂದ ರೈತನಿಗೆ ಅವತ್ತಿನ ದರವೇ ದರ.

1959ರ ಕಾಯ್ದೆಯ ನಂತರ ಗೂಡನ್ನು ಸರ್ಕಾರಿ ಮಾರುಕಟ್ಟೆಯಲ್ಲೇ ಹರಾಜಿನಲ್ಲಿ ಮಾರಬೇಕೆಂಬ ಕಟ್ಟಳೆ ಬಂತು. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದು ಎಂದು ಹೆಸರಾಗಿದ್ದು ಆಮೇಲೆ. ಈಗ ಹರಾಜು ಮೊಬೈಲ್ ಫೋನಿನಲ್ಲಿ ನಡೆಯುತ್ತದೆ. ಆದರೂ ರೀಲರು ಬಂದು ಲಾಟಿನಿಂದ ಒಂದು ಹಿಡಿ ಗೂಡು ತೆಗೆದು, ಕಿವಿಯ ಹತ್ತಿರ ಅಲುಗಿಸಿ, ಒತ್ತಿ ನೋಡುವುದು ನಿಂತಿಲ್ಲ. ಬೆಳೆಯುವವರು ಬಹುಪಾಲು ಹಳ್ಳಿಯ ಒಕ್ಕಲಿಗರು ಮತ್ತಿತರ ರೈತರು. ಬಿಚ್ಚುವವರು ಬಹುಪಾಲು ಪೇಟೆಯ ಮುಸ್ಲಿಮರು. ಕನ್ನಡ ಬಾರದ ರೀಲರಿಲ್ಲ, ದಖನಿಯಲ್ಲಿ ಚೌಕಾಸಿ ಮಾಡಲಾರದ ಹಳೆಯ ರೈತನೂ ಅಪರೂಪ. ಬಿಸಿನೀರಿನ ಬಾಣಲೆಯಲ್ಲಿ ಗೂಡು ಬೇಯಿಸಿ ಎಳೆ ಹಿಡಿಯುವ ಕೆಲಸದವರ ಬೆರಳು ಸದಾ ಸುಕ್ಕುಗಟ್ಟಿ ಬೆಳ್ಳಗಾಗಿರುತ್ತವೆ. ಆ ಬೆಂದ ಹುಳುವಿನ ವಾಸನೆ ರಾಮನಗರದ ಕೆಲವು ಬೀದಿಗಳಿಗೆ ಹೊಸಬರನ್ನು ಕಾಲಿಡಗೊಡುವುದಿಲ್ಲ. ಅಲ್ಲೇ ಹುಟ್ಟಿ ಬೆಳೆದವರಿಗೆ ಅದು ಗಮನಕ್ಕೂ ಬರುವುದಿಲ್ಲ.

ಈ ಅವಲಂಬನೆಯೇ ಸಾಮರಸ್ಯವನ್ನು ಕಾಪಾಡುತ್ತದೆ ಎಂದು ಭಾಷಣಗಳಲ್ಲಿ ಹೇಳುವುದುಂಟು. ಅಷ್ಟು ಸುಲಭವಲ್ಲ. 1990ರಲ್ಲಿ ರಾಮನಗರ, ಚನ್ನಪಟ್ಟಣಗಳಲ್ಲಿ ನಡೆದ ಕೋಮುಗಲಭೆ ಈ ಊರುಗಳ ನೆನಪಿನಲ್ಲಿ ಇನ್ನೂ ಇದೆ. ಆ ಗಲಭೆಗಳ ಬೆನ್ನಿಗೇ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ಅಧಿಕಾರ ಕಳೆದುಕೊಂಡರು. ಹೇಳಬಹುದಾದದ್ದು ಇಷ್ಟು: ಗಲಭೆ ನಿಂತ ಮೇಲೆ ಗೂಡು ಕೊಳ್ಳುವವರೂ ಮಾರುವವರೂ ಮತ್ತೆ ಮುಖ ನೋಡಲೇಬೇಕಾಗಿತ್ತು. ಹುಳು ಯಾರಿಗಾಗಿಯೂ ಕಾಯುವುದಿಲ್ಲ. ಪೆಟ್ಟು ಕೊಡುವ ಕೈ ದೂರದಲ್ಲೂ ಇರಬಹುದು. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇಕಡಾ 30ರಿಂದ 5ಕ್ಕೆ ಇಳಿದಾಗ ಚೀನಾದ ನೂಲು ಒಳಗೆ ಬಂತು, ಗೂಡಿನ ದರ ಕುಸಿಯಿತು. ರೈತನೂ ರೀಲರೂ ಒಂದೇ ಬೀದಿಯಲ್ಲಿ ಕೂತರು. 2013ರಲ್ಲಿ ಸುಂಕ 15ಕ್ಕೆ ಏರುವಷ್ಟರಲ್ಲಿ ಎಷ್ಟೋ ತೋಟಗಳಲ್ಲಿ ಹಿಪ್ಪುನೇರಳೆ ಕಡ್ಡಿ ಕಿತ್ತಾಗಿತ್ತು.

ಇನ್ನು ನೀರು. ಈ ಜಿಲ್ಲೆಯಲ್ಲಿ ಬದುಕುವುದೆಂದರೇನು ಎಂಬುದನ್ನು ಭೂಪಟ ಹಿಡಿದು ವಿವರಿಸಬೇಕಾದರೆ ನಾನು ನೀರಿನ ಕೊಳವೆಗಳ ಭೂಪಟವನ್ನೇ ಹಿಡಿಯುತ್ತೇನೆ. ಅರ್ಕಾವತಿ ನಂದಿಬೆಟ್ಟದ ಕಡೆ ಹುಟ್ಟಿ, ಹೆಸರಘಟ್ಟ ದಾಟಿ, ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿಗೆ ಬರುತ್ತದೆ. ಅಲ್ಲಿ ಕುಮುದ್ವತಿಯನ್ನು ಕೂಡಿಕೊಂಡು, ಮಂಚನಬೆಲೆ, ರಾಮನಗರ, ಕನಕಪುರಗಳ ಮೂಲಕ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ತಿಪ್ಪಗೊಂಡನಹಳ್ಳಿಯಲ್ಲಿ 1930ರ ದಶಕದಲ್ಲಿ ಕಟ್ಟಿದ ಚಾಮರಾಜಸಾಗರ ಬೆಂಗಳೂರಿಗೆ ದಶಕಗಳ ಕಾಲ ನೀರು ಕುಡಿಸಿತು. ನಗರ ಮೇಲುಭಾಗದಲ್ಲಿ ಬೆಳೆಯುತ್ತ ಹೋದಂತೆ ಹೊಳೆ ಸೊರಗಿತು, ಕೊಳಕಾಯಿತು, ಕೊನೆಗೆ ಅಲ್ಲಿಂದ ಕುಡಿಯುವ ನೀರು ಒಯ್ಯುವುದೇ ನಿಂತುಹೋಗಿತ್ತು.

ಅಷ್ಟು ಹೊತ್ತಿಗೆ ನಗರ ಕಾವೇರಿಯ ಕಡೆ ತಿರುಗಿಯಾಗಿತ್ತು. 1974ರಿಂದ ಮಳವಳ್ಳಿ ಬಳಿಯ ತೊರೆಕಾಡನಹಳ್ಳಿಯಲ್ಲಿ ಎತ್ತಿದ ಕಾವೇರಿ ನೀರು ಕನಕಪುರ ರಸ್ತೆಯ ಗುಂಟ ಹಾರೋಹಳ್ಳಿ, ತಾತಗುಣಿಯ ಪಂಪುಗಳನ್ನು ಹತ್ತಿ ಸುಮಾರು 500 ಮೀಟರ್ ಮೇಲಿನ ಬೆಂಗಳೂರಿಗೆ ಹೋಗುತ್ತಿದೆ. ಆಳೆತ್ತರದ ಕೊಳವೆಗಳು ಹೊಲದಂಚಿನಲ್ಲಿ ಸಾಗುತ್ತವೆ. ಹೊಲ ಮಾತ್ರ ಮಳೆ ನಂಬಿದ್ದು, ಇಲ್ಲವೇ ಸಾವಿರ ಅಡಿಯ ಬೋರ್‌ವೆಲ್ ನಂಬಿದ್ದು. ಹೀಗೆ ಒಳ್ಳೆಯ ನೀರು ಕೊಳವೆಯಲ್ಲಿ ಮೇಲಕ್ಕೆ ಹೋಗುತ್ತದೆ. ಬಳಸಿದ ನೀರು ವೃಷಭಾವತಿಯಾಗಿ ಕೆಳಕ್ಕೆ ಬರುತ್ತದೆ. ಬಿಡದಿ ಹತ್ತಿರ ನೀರಾವರಿಗೆಂದು 1940ರ ದಶಕದಲ್ಲಿ ಕಟ್ಟಿದ ಬೈರಮಂಗಲದ ಕೆರೆ ಆ ನೀರನ್ನು ಹಿಡಿದು ಹಿಡಿದು ನೊರೆಯೇಳುವ ಕೆರೆಯಾಯಿತು. ಅಲ್ಲಿಂದ ಮುಂದೆ ವೃಷಭಾವತಿ ಕನಕಪುರದ ದಾರಿಯಲ್ಲಿ ಅರ್ಕಾವತಿಗೆ ಕೂಡುತ್ತದೆ. ಕನಕಪುರದ ಹಿರಿಯರು ಚಿಕ್ಕಂದಿನಲ್ಲಿ ಈಜು ಕಲಿತದ್ದು ಆ ಹೊಳೆಯಲ್ಲಿ. ಮೊಮ್ಮಕ್ಕಳಿಗೆ ಅದನ್ನು ತೋರಿಸುವಾಗ ದಡಕ್ಕೆ ಇಳಿಯಬೇಡ ಎನ್ನುತ್ತಾರೆ. ಮೇಕೆದಾಟಿನಲ್ಲಿ ಅಣೆಕಟ್ಟು ಕಟ್ಟಬೇಕೆಂದು 2022ರ ಜನವರಿಯಲ್ಲಿ ಸಂಗಮದಿಂದ ಪಾದಯಾತ್ರೆ ಹೊರಟಿತು. ಅದರ ಮುಖ್ಯ ಉದ್ದೇಶಗಳಲ್ಲೊಂದೂ ಬೆಂಗಳೂರಿಗೆ ಕುಡಿಯುವ ನೀರೇ.

ರೈಲು ಎಲ್ಲರಿಗೂ ಒಂದೇ ರೀತಿ ಒಲಿಯಲಿಲ್ಲ. 1876-78ರ ಭೀಕರ ಬರದ ನಂತರ ಬೆಂಗಳೂರು–ಮೈಸೂರು ರೈಲುದಾರಿ ಹಾಕಿದಾಗ, 1880ರ ದಶಕದ ಆರಂಭದಲ್ಲಿ ಕ್ಲೋಸ್‌ಪೇಟೆಗೂ ಚನ್ನಪಟ್ಟಣಕ್ಕೂ ರೈಲು ಬಂತು. ಕನಕಪುರಕ್ಕೆ, ಮಾಗಡಿಗೆ ಇಂದಿಗೂ ಬಂದಿಲ್ಲ. ಹೆಜ್ಜಾಲದಿಂದ ಕನಕಪುರದ ಮೇಲೆ ಚಾಮರಾಜನಗರಕ್ಕೆ ಹೋಗುವ ದಾರಿಗೆ ಮಂಜೂರಾತಿ ಸಿಕ್ಕಿದ್ದು ದೇವೇಗೌಡರು ಪ್ರಧಾನಿಯಾಗಿದ್ದ 1996-97ರ ಕಾಲದಲ್ಲಿ. ಆಗ ಹುಟ್ಟಿದ ಮಕ್ಕಳು ಈಗ ತಾವೇ ಬೆಂಗಳೂರಿಗೆ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಾರೆ. ರೈಲು ಇರುವ ಊರಿನವರ ದಿನ ಬೇರೆ. ಬೆಳಗಿನ ಗಾಡಿಗೆ ಸೀಸನ್ ಪಾಸಿನವರ ಗುಂಪು, ದಿನವೂ ಅದೇ ಬೋಗಿ, ಅದೇ ಜಾಗ, ಬಿಡದಿ ಬರುವಷ್ಟರಲ್ಲಿ ಮುಗಿಯುವ ಇಸ್ಪೀಟಿನ ಆಟ. ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಗುಮಾಸ್ತರು, ಕಾಲೇಜು ಹುಡುಗರು, ಸೊಪ್ಪಿನ ಮೂಟೆಯವರು. ಸಂಜೆ ವಾಪಸು ಬಂದು ಮುದ್ದೆ ಬಸ್ಸಾರು ಉಂಡು ಮಲಗಿದರೆ ಊರಿನ ಪುರಸಭೆ, ಗ್ರಂಥಾಲಯ, ನಾಟಕ ಯಾವುದಕ್ಕೂ ಅವರು ಸಿಗುವುದಿಲ್ಲ. ಸಣ್ಣ ಊರುಗಳ ಸಾರ್ವಜನಿಕ ಬದುಕು ಬಡವಾದದ್ದಕ್ಕೆ ಟಿವಿಯನ್ನು ಬೈಯುವವರು ಆ ಬೆಳಗಿನ ಗಾಡಿಯನ್ನೂ ಒಮ್ಮೆ ನೋಡಬೇಕು.

‘ಶೋಲೆ’ಯ ಬಗ್ಗೆ ಬರೆಯದೆ ಬಿಟ್ಟರೆ ಓದುಗರು ಒಪ್ಪುವುದಿಲ್ಲ. 1973ರಲ್ಲಿ ರಾಮದೇವರ ಬೆಟ್ಟದ ಬುಡದಲ್ಲಿ ಚಿತ್ರತಂಡ ಹಳ್ಳಿಯೊಂದನ್ನೇ ಕಟ್ಟಿತು, ರಸ್ತೆ ಹಾಕಿತು, ಮತ್ತೆ ಮತ್ತೆ ಬಂದು ಹೋಗಿ ಚಿತ್ರೀಕರಿಸಿತು. 1975ರ ಆಗಸ್ಟ್ 15ರಂದು ಸಿನಿಮಾ ಬಂತು. ಹಳ್ಳಿಯ ಸೆಟ್ ಉಳಿಯಲಿಲ್ಲ. ಅಲ್ಲಿಗೆ ಬರುವ ಪ್ರವಾಸಿಗರು ಇಲ್ಲದ ಹಳ್ಳಿಯನ್ನು ಹುಡುಕುತ್ತಾರೆ, ಇರುವ ಊರನ್ನು ನೋಡದೆ ಹೋಗುತ್ತಾರೆ. ಅದೇ ಬೆಟ್ಟದ ಬಂಡೆಗಳಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತಿದ್ದವು. ದನಗಳಿಗೆ ಕೊಡುವ ಡೈಕ್ಲೊಫಿನಾಕ್ ಎಂಬ ನೋವಿನ ಔಷಧ ಸತ್ತ ದನದ ಮಾಂಸದ ಮೂಲಕ ಹದ್ದುಗಳನ್ನು ದೇಶದಾದ್ಯಂತ ಕೊಂದಿತು. 2006ರಲ್ಲಿ ದನಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿದರು. 2012ರಲ್ಲಿ ಬೆಟ್ಟ ರಣಹದ್ದು ಧಾಮವಾಯಿತು. ಹೊತ್ತಿಗೆ ಹಕ್ಕಿಗಳು ಬೆರಳೆಣಿಕೆಗೆ ಬಂದಿದ್ದವು.

ರಾಜಕಾರಣದಲ್ಲಿ ಮಾತ್ರ ಈ ಸೀಮೆ ಎಂದೂ ಬಡವಾಗಿಲ್ಲ. ವಿಧಾನಸೌಧ ಕಟ್ಟಿಸಿದ ಹನುಮಂತಯ್ಯನವರಿಂದ ಮೊದಲುಗೊಂಡು, 1983ರಲ್ಲಿ ಕನಕಪುರದ ಉಪಚುನಾವಣೆಯಲ್ಲಿ ಗೆದ್ದ ರಾಮಕೃಷ್ಣ ಹೆಗಡೆ, 1994ರಲ್ಲಿ ರಾಮನಗರದಿಂದ ಗೆದ್ದು ಮುಂದೆ ಪ್ರಧಾನಿಯಾದ ದೇವೇಗೌಡರು, ನಂತರ ಕುಮಾರಸ್ವಾಮಿ. ಮುಖ್ಯಮಂತ್ರಿಗಳನ್ನು ಕೊಟ್ಟ ನೆಲ ಎಂದು ಹೆಮ್ಮೆಪಡುತ್ತಾರೆ. ಅದೇ ಉಸಿರಿನಲ್ಲಿ, ದೊಡ್ಡ ಆಸ್ಪತ್ರೆಗೆ ಮಾತ್ರ ಇನ್ನೂ ಬೆಂಗಳೂರಿಗೇ ಓಡಬೇಕು ಎಂದು ಗೊಣಗುತ್ತಾರೆ.

1986ರಲ್ಲಿ ಬೆಂಗಳೂರು ಜಿಲ್ಲೆ ಒಡೆದಾಗ ಇವೆಲ್ಲ ಬೆಂಗಳೂರು ಗ್ರಾಮಾಂತರಕ್ಕೆ ಸೇರಿದವು. ಗ್ರಾಮಾಂತರ ಎಂದರೆ ನಗರವಲ್ಲದ್ದು, ಅಷ್ಟೇ ಗುರುತು. 2007ರಲ್ಲಿ ನಾಲ್ಕು ತಾಲ್ಲೂಕುಗಳ ರಾಮನಗರ ಜಿಲ್ಲೆ ಬಂದಾಗ ಮೊದಲ ಬಾರಿಗೆ ಈ ಸೀಮೆಗೆ ಬೆಂಗಳೂರಿನ ಹೆಸರು ಬೆರೆಯದ ಜಿಲ್ಲೆಯ ಹೆಸರು ಸಿಕ್ಕಿತು. ಅದು 18 ವರ್ಷ ಬಾಳಿತು. 2025ರ ಮೇ 22ರಂದು ರಾಜ್ಯ ಸಚಿವ ಸಂಪುಟ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಒಪ್ಪಿತು. ಜಿಲ್ಲಾಕೇಂದ್ರ ರಾಮನಗರವೇ. ಬೆಂಗಳೂರಿನ ಹೆಸರಿದ್ದರೆ ಬಂಡವಾಳ ಬರುತ್ತದೆ, ಜಮೀನಿಗೆ ಬೆಲೆ ಬರುತ್ತದೆ ಎಂದು ಪರವಾದವರ ಮಾತು. ನಮ್ಮ ಹೆಸರು ನಮಗಿರಲಿ ಎಂದು ವಿರೋಧಿಸಿದವರ ಮಾತು. ಪರವಾದವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಜಮೀನಿಗೆ ಬೆಲೆ ಬರುವುದರಿಂದ ಲಾಭ ಜಮೀನು ಮಾರುವವನಿಗೆ. ಜಮೀನಿನಲ್ಲಿ ಹಿಪ್ಪುನೇರಳೆ ಬೆಳೆದು ಬದುಕುವವನಿಗೆ, ಮಾವಿನ ತೋಪನ್ನು ಗುತ್ತಿಗೆ ಹಿಡಿದವನಿಗೆ, ಅಂಥ ತೋಟದಲ್ಲಿ ಕೂಲಿ ಮಾಡುವವಳಿಗೆ ಬೆಲೆಯೇ ಶತ್ರು.

ಈ ಲೆಕ್ಕ ಕಾಗದದ ಮೇಲಿನದಲ್ಲ. ಬಿಡದಿಯಲ್ಲಿ ಹೊಸ ನಗರ ಕಟ್ಟುವ ಮಾತು 2006ರ ಸುಮಾರಿಗೇ ಶುರುವಾಗಿತ್ತು. ಸರ್ಕಾರಗಳು ಬದಲಾದರೂ ಮಾತು ಸಾಯಲಿಲ್ಲ. 2025ರಲ್ಲಿ ಮತ್ತೆ ಬಿಡದಿ ಟೌನ್‌ಶಿಪ್‌ಗೆ ಭೂಸ್ವಾಧೀನದ ಅಧಿಸೂಚನೆ ಹೊರಬಿತ್ತು, ಬೈರಮಂಗಲ, ಕಂಚುಗಾರನಹಳ್ಳಿ ಪಂಚಾಯಿತಿಗಳ ಹಳ್ಳಿಗಳ ರೈತರು ಧರಣಿ ಕೂತರು. ಬೆಂಗಳೂರಿನ ಕೊಳೆನೀರನ್ನು ದಶಕಗಳಿಂದ ಹಿಡಿದಿಟ್ಟುಕೊಂಡ ಅದೇ ಬೈರಮಂಗಲ. ಆ ನೀರಿನಲ್ಲೇ ಮೇವು ಬೆಳೆದು, ಹಸು ಕಟ್ಟಿ, ಡೇರಿಗೆ ಹಾಲು ಹಾಕಿ, ಹುಳು ಸಾಕಿ ಮಕ್ಕಳನ್ನು ಓದಿಸಿದವರು ಧರಣಿಯಲ್ಲಿದ್ದರು. ಅವರಲ್ಲಿ ಹೆಂಗಸರೇ ಮುಂದೆ. ಹಾಲು ಕರೆಯುವ ಹೊತ್ತಿಗೆ ಎದ್ದು ಮನೆಗೆ ಹೋಗಿ, ಕೆಲಸ ಮುಗಿಸಿ ಮತ್ತೆ ಬಂದು ಕೂರುತ್ತಿದ್ದರು.